ವ್ಯಾಯಾಮದಲ್ಲಿ ವೆಚ್ಚವಾದುದನ್ನು ಮತ್ತೆ ಉಣ್ಣಬೇಕೇ?

(ಆರೋಗ್ಯ ಶಿಕ್ಷಣ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)

ದೇಹದ ತೂಕವನ್ನು ಇಳಿಸಿಕೊಳ್ಳಬೇಕೆಂದು ನಿಶ್ಚಯಿಸಿ ಮುಂಜಾನೆ ಎದ್ದು ನಡೆಯುವವರ ಸಂಖ್ಯೆ ನಮ್ಮ ಊರುಗಳಲ್ಲಿ ಹೆಚ್ಚುತ್ತಿದೆ. ಕೆರೆಯ ಏರಿಯ ಮೇಲೆ, ಶಾಲೆಯ ಮೈದಾನದಲ್ಲಿ, ಉದ್ಯಾನಗಳಲ್ಲಿ ಹೆಂಗಸರೂ ಗಂಡಸರೂ ಬಿರುಸಾಗಿ ನಡೆಯುವುದನ್ನು ನೀವೆಲ್ಲರೂ ನೋಡಿದ್ದೀರಿ. ನಿಮ್ಮಲ್ಲಿ ಹಲವರು ಸ್ವತಃ ನಡೆಯುತ್ತಲೂ ಇರಬಹುದು. ಇದು ಸಂತೋಷದ ಸಂಗತಿ. ಆದರೆ ಹೀಗೆ ನಡೆಯುವವರಲ್ಲಿ ಅನೇಕರು ಮೂರು ನಾಲ್ಕು ತಿಂಗಳ ಅನಂತರ ತೂಕದ ಯಂತ್ರದ ಮೇಲೆ ನಿಂತು ನಿರಾಶರಾಗುತ್ತಾರೆ. "ದಿನವೂ ತಪ್ಪದೆ ನಡೆದೆವು, ತೂಕ ಮಾತ್ರ ಇಳಿಯಲಿಲ್ಲ" ಎಂದು ಬೇಸತ್ತು ನಡಿಗೆಯನ್ನೇ ಬಿಟ್ಟುಬಿಡುವವರೂ ಉಂಟು.

ಈ ನಿರಾಶೆಯ ಹಿಂದೆ ಒಂದು ಪ್ರಶ್ನೆ ಅಡಗಿದೆ. ವ್ಯಾಯಾಮದಲ್ಲಿ ವೆಚ್ಚವಾದ ಶಕ್ತಿಯನ್ನು ಆಹಾರದ ಮೂಲಕ ಮತ್ತೆ ತುಂಬಿಕೊಳ್ಳಬೇಕೇ, ಅಥವಾ ಹಾಗೆಯೇ ಬಿಡಬೇಕೇ? "ದಣಿದು ಬಂದಿದ್ದೇವೆ, ದಣಿದ ದೇಹಕ್ಕೆ ಕೊಡಬೇಡವೇ?" ಎಂದು ಕೆಲವರು ಕೇಳುತ್ತಾರೆ. "ತುಂಬಿಕೊಂಡರೆ ವ್ಯಾಯಾಮ ಮಾಡಿ ಏನು ಫಲ?" ಎಂದು ಮತ್ತೆ ಕೆಲವರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಯಾರ ಮಾತು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಅರಿಯದಿರುವುದರಿಂದಲೇ ತೊಂದರೆಯುಂಟಾಗುತ್ತಿದೆ. ಒಂದೇ ಅಡುಗೆಮನೆಯಲ್ಲಿ, ಒಂದೇ ಪಾತ್ರೆಯಿಂದ ಉಣ್ಣುವ ನಾಲ್ವರಿಗೆ ಈ ಪ್ರಶ್ನೆಗೆ ನಾಲ್ಕು ಬೇರೆ ಉತ್ತರಗಳಿರಬಹುದು. ಈ ವಿಷಯವನ್ನು ಇಂದು ನಿಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಈ ಪ್ರಶ್ನೆ ಏಕೆ ಮುಖ್ಯ?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕ ಮಹಿಳೆಯರಲ್ಲಿ ಶೇಕಡ 24 ಮಂದಿ, ಪುರುಷರಲ್ಲಿ ಸುಮಾರು ಶೇಕಡ 23 ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಶೇಕಡ 18ಕ್ಕೂ ಹೆಚ್ಚು ಮಹಿಳೆಯರು ಇರಬೇಕಾದುದಕ್ಕಿಂತ ಕಡಿಮೆ ತೂಕದವರೆಂದೂ, 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆಯೆಂದೂ ಕಂಡುಬಂದಿದೆ. ಒಂದೇ ಬೀದಿಯಲ್ಲಿ ಅತಿಯಾಗಿ ಉಂಡು ರೋಗಿಯಾಗುವವರೂ, ಸಾಲದೆ ಬಡವಾಗುವವರೂ ಜೊತೆಜೊತೆಯಾಗಿ ವಾಸಿಸುತ್ತಿದ್ದಾರೆ ಎಂಬುದು ಇದರ ಅರ್ಥ. ಆದ್ದರಿಂದ "ಕಡಿಮೆ ಉಣ್ಣಿರಿ" ಎಂಬ ಉಪದೇಶವನ್ನು ಎಲ್ಲರಿಗೂ ಸಾರಿಬಿಡುವುದು ಅಪಾಯಕರ. "ಚೆನ್ನಾಗಿ ಉಣ್ಣಿರಿ" ಎಂಬುದೂ ಅಷ್ಟೇ ಅಪಾಯಕರ.

ಮೊದಲು ನೀವು ಯಾವ ಗುಂಪಿಗೆ ಸೇರಿದವರೆಂದು ತಿಳಿದುಕೊಳ್ಳಬೇಕು. ಕಿಲೊಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯನ್ನು ದೇಹದ ತೂಕದ ಸೂಚ್ಯಂಕ ಎನ್ನುತ್ತಾರೆ. ಭಾರತೀಯರಲ್ಲಿ ಈ ಸಂಖ್ಯೆ 18.5ರಿಂದ 23ರ ಒಳಗಿದ್ದರೆ ಆರೋಗ್ಯಕರ; 23ನ್ನು ಮುಟ್ಟಿದರೆ ಎಚ್ಚರ ವಹಿಸಬೇಕು; 25ನ್ನು ಮುಟ್ಟಿದರೆ ಸ್ಥೂಲಕಾಯವೆಂದು ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆ ಮಹಿಳೆಯರಲ್ಲಿ 80 ಸೆಂಟಿಮೀಟರನ್ನೂ, ಪುರುಷರಲ್ಲಿ 90 ಸೆಂಟಿಮೀಟರನ್ನೂ ಮೀರಬಾರದು. ನಮ್ಮ ಜನರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಹೆಚ್ಚು. ಮಧುಮೇಹ ಮತ್ತು ಹೃದ್ರೋಗಗಳಿಗೆ ಈ ಕೊಬ್ಬು ದಾರಿಮಾಡಿಕೊಡುತ್ತದೆ.

ದೇಹದ ಜಮಾ ಖರ್ಚು

ಮನೆಯ ಆದಾಯ ವೆಚ್ಚಗಳನ್ನು ರೂಪಾಯಿಯಲ್ಲಿ ಎಣಿಸುವಂತೆ ದೇಹದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಎಣಿಸುತ್ತೇವೆ. ಉಂಡದ್ದು ಜಮಾ. ಉಸಿರಾಟ, ಹೃದಯದ ಬಡಿತ, ದೇಹದ ಶಾಖ, ಜೀರ್ಣಕ್ರಿಯೆ, ಓಡಾಟ, ದುಡಿಮೆ ಇವೆಲ್ಲ ಖರ್ಚು. ಜಮಾ ಹೆಚ್ಚಾದರೆ ಉಳಿದದ್ದು ಕೊಬ್ಬಿನ ರೂಪದಲ್ಲಿ ಶೇಖರವಾಗುತ್ತದೆ. ಖರ್ಚು ಹೆಚ್ಚಾದರೆ ಶೇಖರವಾದದ್ದು ಕರಗುತ್ತದೆ. ಒಂದು ಕಿಲೊ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಗಳ ಕೊರತೆಯುಂಟಾಗಬೇಕು.

ಈ ಖರ್ಚಿನಲ್ಲಿ ದೊಡ್ಡ ಪಾಲು, ನೀವು ಮಲಗಿದ್ದರೂ ನಡೆದೇ ತೀರುವ ಖರ್ಚು ಎಂಬುದನ್ನು ನೆನಪಿನಲ್ಲಿಡಬೇಕು. ಕುಳಿತು ಕೆಲಸ ಮಾಡುವ ಸಾಮಾನ್ಯ ಮಹಿಳೆಗೆ ದಿನಕ್ಕೆ 1,660 ಕ್ಯಾಲೊರಿ, ಮಧ್ಯಮ ಶ್ರಮದ ಮಹಿಳೆಗೆ 2,130, ಕಠಿಣ ಶ್ರಮದ ಮಹಿಳೆಗೆ 2,720 ಕ್ಯಾಲೊರಿ ಬೇಕಾಗುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಸೂಚಿಸಿವೆ. ಪುರುಷರಿಗೆ ಇದೇ ಕ್ರಮದಲ್ಲಿ 2,110, 2,710 ಮತ್ತು 3,470. ಕುಳಿತವರಿಗೂ ಕಠಿಣವಾಗಿ ದುಡಿಯುವವರಿಗೂ ನಡುವೆ ಸಾವಿರಕ್ಕೂ ಮೇಲ್ಪಟ್ಟ ಅಂತರವಿರುವುದನ್ನು ಗಮನಿಸಿರಿ. ಇಡೀ ದಿನದ ದುಡಿಮೆಯಿಂದ ಈ ಅಂತರವುಂಟಾಗುತ್ತದೆ. ಅರ್ಧ ಗಂಟೆಯ ನಡಿಗೆ ಅದರ ಹತ್ತಿರಕ್ಕೂ ಬರಲಾರದು.

ಅರ್ಧ ಗಂಟೆಯ ನಡಿಗೆಯ ಬೆಲೆ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಐದು ಅಡಿ ಎತ್ತರದ, 60 ಕಿಲೊ ತೂಕದ, ನಲವತ್ತೈದು ವರ್ಷದ ಗೃಹಿಣಿಯೊಬ್ಬಳಿದ್ದಾಳೆನ್ನಿ. ಆಕೆಯ ಸೂಚ್ಯಂಕ 25ನ್ನು ದಾಟಿದೆ. ಆಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 110 ಕ್ಯಾಲೊರಿ ವೆಚ್ಚವಾಗುತ್ತದೆ. ಆದರೆ ಆ ಅರ್ಧ ಗಂಟೆ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ 30 ಕ್ಯಾಲೊರಿ ವೆಚ್ಚವಾಗುತ್ತಿತ್ತು. ಆದುದರಿಂದ ನಡಿಗೆಯಿಂದ ಆದ ನಿಜವಾದ ಹೆಚ್ಚುವರಿ ಖರ್ಚು ಸುಮಾರು 80 ಕ್ಯಾಲೊರಿ ಮಾತ್ರ.

ಈ 80 ಕ್ಯಾಲೊರಿಯನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಚಹ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿಯಿದೆ. ಒಂದು ಚಹ ಚಮಚ ಸಕ್ಕರೆಯಲ್ಲಿ 20. ಹಾಲು ಹಾಕಿ ಎರಡು ಚಮಚ ಸಕ್ಕರೆ ಬೆರೆಸಿದ ಒಂದು ಲೋಟ ಕಾಫಿಯಲ್ಲಿ ಸುಮಾರು 100 ಕ್ಯಾಲೊರಿ. ನಡಿಗೆ ಮುಗಿಸಿ ಬರುವಾಗ ದರ್ಶಿನಿಯಲ್ಲಿ ಎರಡು ಉದ್ದಿನ ವಡೆ ತಿಂದರೆ 200ಕ್ಕೂ ಮೇಲೆ. ನಡೆದ ಅರ್ಧ ಗಂಟೆಯನ್ನು ಐದು ನಿಮಿಷಗಳಲ್ಲಿ ಎರಡರಷ್ಟಾಗಿ ಹಿಂತಿರುಗಿಸಿದಂತಾಯಿತು.

ಈಗ ತಿಂಗಳ ಲೆಕ್ಕವನ್ನು ನೋಡೋಣ. ಈ ಗೃಹಿಣಿಗೆ ದಿನಕ್ಕೆ ಸುಮಾರು 1,650 ಕ್ಯಾಲೊರಿ ಬೇಕು. ತೂಕ ಇಳಿಸಲು ಆಕೆ 1,300 ಕ್ಯಾಲೊರಿಯಷ್ಟು ಉಣ್ಣುತ್ತಿದ್ದಾಳೆ. ನಡೆಯದೆಯೇ ಇದ್ದರೆ ಕಾಗದದ ಮೇಲಿನ ಲೆಕ್ಕದಂತೆ ತಿಂಗಳಿಗೆ ಸುಮಾರು 1 ಕಿಲೊ 350 ಗ್ರಾಂ ಇಳಿಯಬೇಕು. ದಿನವೂ ನಡೆದು, ನಡೆದುದಕ್ಕೆ ಪ್ರತಿಯಾಗಿ ಏನನ್ನೂ ತಿನ್ನದಿದ್ದರೆ ಸುಮಾರು 1 ಕಿಲೊ 700 ಗ್ರಾಂ. ದಿನವೂ ನಡೆದು, ದಿನವೂ ಆ ಎರಡು ವಡೆಗಳನ್ನು ತಿಂದರೆ ಸುಮಾರು 900 ಗ್ರಾಂ ಮಾತ್ರ. ನಡೆದು ತಿಂದವಳು, ನಡೆಯದೆ ಮಿತವಾಗಿ ಉಂಡವಳಿಗಿಂತ ಹಿಂದೆ ಬಿದ್ದಳು. ದೇಹದಲ್ಲಿ ನಡೆಯುವ ಇಳಿಕೆ ಕಾಗದದ ಲೆಕ್ಕಕ್ಕಿಂತ ನಿಧಾನವಾದದ್ದು, ಏಕೆಂದರೆ ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಆದರೂ ಈ ಮೂರರ ನಡುವಣ ತಾರತಮ್ಯ ಹಾಗೆಯೇ ಉಳಿಯುತ್ತದೆ.

ನಮ್ಮಲ್ಲಿ ಒಪ್ಪತ್ತು ಆಚರಿಸುವ ಪದ್ಧತಿಯಿದೆ. ಅನ್ನ ಬಿಟ್ಟೆವೆಂಬ ಸಮಾಧಾನದಲ್ಲಿ ಫಲಾಹಾರವೆಂದು ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಕರಿದ ತಿಂಡಿ, ಸಜ್ಜಿಗೆಗಳನ್ನು ಸೇವಿಸಿ, ಬಿಟ್ಟ ಊಟಕ್ಕಿಂತ ಹೆಚ್ಚನ್ನು ಪಡೆಯುವವರನ್ನು ನೀವು ಬಲ್ಲಿರಿ. ವ್ಯಾಯಾಮದ ಅನಂತರದ ತಿಂಡಿಯೂ ಬಹುಮಟ್ಟಿಗೆ ಈ ಬಗೆಯದೇ. ಕಷ್ಟಪಟ್ಟೆವು, ಆದ್ದರಿಂದ ಅರ್ಹರಾದೆವು ಎಂಬ ಭಾವನೆ ಕೈಯನ್ನು ತಟ್ಟೆಯತ್ತ ಕೊಂಡೊಯ್ಯುತ್ತದೆ.

ಒಂದೇ ಖರ್ಚನ್ನು ಎರಡು ಬಾರಿ ಬರೆಯುವುದು

ಇನ್ನೊಂದು ತಪ್ಪು ವಿದ್ಯಾವಂತರಲ್ಲಿ ಹೆಚ್ಚು. ಅವರು ಪುಸ್ತಕವನ್ನೋ ಪಟ್ಟಿಯನ್ನೋ ನೋಡಿ ತಮ್ಮ ದೈನಿಕ ಅಗತ್ಯವನ್ನು ನಿರ್ಧರಿಸುತ್ತಾರೆ. ದಿನವೂ ವ್ಯಾಯಾಮ ಮಾಡುತ್ತೇವಾದ್ದರಿಂದ ತಾವು ಮಧ್ಯಮ ಶ್ರಮದವರು ಎಂದು ಬರೆದುಕೊಳ್ಳುತ್ತಾರೆ. ಆ ಅಂಕಿಯಲ್ಲಿ ವ್ಯಾಯಾಮದ ಖರ್ಚು ಆಗಲೇ ಸೇರಿಹೋಗಿದೆ. ಅನಂತರ ಸಂಜೆ, ಇಂದು ಇಷ್ಟು ಕ್ಯಾಲೊರಿ ವೆಚ್ಚವಾಯಿತೆಂದು ಅದನ್ನು ಮತ್ತೊಮ್ಮೆ ಸೇರಿಸಿ ಉಣ್ಣುತ್ತಾರೆ. ಕಿರಾಣಿ ಅಂಗಡಿಯ ಲೆಕ್ಕದಲ್ಲಿ ಒಂದೇ ಸಾಮಾನನ್ನು ಎರಡು ಬಾರಿ ಬರೆದರೆ ನೀವು ಒಪ್ಪುವಿರಾ? ದೇಹದ ಲೆಕ್ಕದಲ್ಲಿಯೂ ಒಪ್ಪಬಾರದು. ದಿನದ ಬಹುಭಾಗ ಕುಳಿತೇ ಇರುವವರು, ಅರ್ಧ ಗಂಟೆ ನಡೆದರೂ, ತಮ್ಮನ್ನು ಕುಳಿತು ಕೆಲಸ ಮಾಡುವವರ ಸಾಲಿನಲ್ಲಿಯೇ ಎಣಿಸಿಕೊಳ್ಳುವುದು ಕ್ಷೇಮ.

ಕೈಗಡಿಯಾರದ ಅಂಕಿಯನ್ನು ಎಷ್ಟು ನಂಬಬೇಕು?

ಈಗ ಕೈಗೆ ಕಟ್ಟಿಕೊಳ್ಳುವ ಗಡಿಯಾರಗಳೂ, ಜೇಬಿನಲ್ಲಿರುವ ಮೊಬೈಲುಗಳೂ ವೆಚ್ಚವಾದ ಕ್ಯಾಲೊರಿಗಳನ್ನು ತೋರಿಸುತ್ತವೆ. ಅಂಕಿಯಲ್ಲಿ ಕಂಡದ್ದೆಲ್ಲ ಸತ್ಯವೆಂದು ನಂಬುವುದು ಮನುಷ್ಯ ಸ್ವಭಾವ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂತಹ ಏಳು ಉಪಕರಣಗಳನ್ನು 60 ಮಂದಿಯ ಕೈಗೆ ಕಟ್ಟಿ ಪರೀಕ್ಷಿಸಿದರು. ನಾಡಿಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಆದರೆ ಕ್ಯಾಲೊರಿಯ ವಿಷಯದಲ್ಲಿ ಅತ್ಯುತ್ತಮವೆನಿಸಿದ ಉಪಕರಣವೂ ಸರಾಸರಿ ಶೇಕಡ 27ರಷ್ಟು ತಪ್ಪಿತು. ಅತ್ಯಂತ ಕಳಪೆಯದು ಶೇಕಡ 93ರಷ್ಟು. ಇಂತಹ ಅಂಕಿಯನ್ನು ಆಧಾರವಾಗಿಟ್ಟುಕೊಂಡು ತಟ್ಟೆಗೆ ಬಡಿಸಿಕೊಳ್ಳುವುದು ಸರಿಯಲ್ಲ. ಎಷ್ಟು ಹೊತ್ತು ನಡೆದಿರಿ, ನಿನ್ನೆಗಿಂತ ಇಂದು ಹೆಚ್ಚು ನಡೆದಿರಾ ಎಂಬುದನ್ನು ತಿಳಿಯಲು ಗಡಿಯಾರವನ್ನು ಬಳಸಿರಿ. ಊಟದ ಅಳತೆಗೆ ಬಳಸದಿರಿ.

ದೇಹದ ಮಿತವ್ಯಯ

ಗಡಿಯಾರ ನಿಖರವಾಗಿದ್ದರೂ ಮತ್ತೊಂದು ತೊಡಕು ಉಳಿಯುತ್ತದೆ. ಒಂದು ಕಡೆ ಖರ್ಚು ಹೆಚ್ಚಾದರೆ ಜಾಣ ಗೃಹಿಣಿ ಇನ್ನೊಂದು ಕಡೆ ಕೈ ಬಿಗಿ ಹಿಡಿಯುವಂತೆ ದೇಹವೂ ಮಾಡುತ್ತದೆ. 1,754 ವಯಸ್ಕರ ಶಕ್ತಿವ್ಯಯದ ಅಳತೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಚಟುವಟಿಕೆಯಿಂದ ಆಗುವ ಹೆಚ್ಚುವರಿ ಖರ್ಚಿನಲ್ಲಿ ಸರಾಸರಿ ಶೇಕಡ 28ರಷ್ಟನ್ನು ದೇಹವು ಇತರ ಖರ್ಚುಗಳನ್ನು ತಗ್ಗಿಸಿ ಸರಿದೂಗಿಸಿಕೊಳ್ಳುತ್ತದೆಂದು ಕಂಡುಬಂದಿತು. ಸ್ಥೂಲಕಾಯರಲ್ಲಿ ಈ ಸರಿದೂಗಿಸುವಿಕೆ ಇನ್ನೂ ಹೆಚ್ಚು. ಹೀಗಾಗಿ ನಮ್ಮ ಗೃಹಿಣಿಯ 80 ಕ್ಯಾಲೊರಿಯಲ್ಲಿ ದಿನದ ಕೊನೆಗೆ ನಿಜವಾಗಿ ಉಳಿಯುವುದು 60ಕ್ಕೂ ಕಡಿಮೆ. ಇದಲ್ಲದೆ, ಬೆಳಿಗ್ಗೆ ನಡೆದೆವೆಂದು ಮಧ್ಯಾಹ್ನ ಹೆಚ್ಚು ಹೊತ್ತು ಮಲಗುವುದು, ಹತ್ತಿರದ ಅಂಗಡಿಗೂ ಸ್ಕೂಟರಿನಲ್ಲಿ ಹೋಗುವುದು, ಇವೂ ಲೆಕ್ಕವನ್ನು ತಗ್ಗಿಸುತ್ತವೆ.

ಗಿರಣಿಯಿಂದ ಕಲಿತ ಪಾಠ

"ಲೆಕ್ಕವೇಕೆ, ಹಸಿವಾದಷ್ಟು ಉಂಡರೆ ಸಾಲದೇ?" ಎಂದು ನೀವು ಕೇಳಬಹುದು. ಇದಕ್ಕೆ ನಮ್ಮ ದೇಶದಲ್ಲಿಯೇ ದೊರೆತ ಉತ್ತರವೊಂದಿದೆ. ಅಮೆರಿಕದ ಪೋಷಣಾ ವಿಜ್ಞಾನಿ ಜೀನ್ ಮೇಯರ್ ಅವರು ಭಾರತೀಯ ಸಹೋದ್ಯೋಗಿಗಳೊಡನೆ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಇನ್ನೂರಕ್ಕೂ ಹೆಚ್ಚು ಮಂದಿಯ ಆಹಾರ, ತೂಕ ಮತ್ತು ಶ್ರಮಗಳನ್ನು ಅಭ್ಯಸಿಸಿ 1956ರಲ್ಲಿ ವರದಿಯನ್ನು ಪ್ರಕಟಿಸಿದರು. ಅಂಗಡಿಯಲ್ಲಿ ಕುಳಿತಿರುವವರು, ಗುಮಾಸ್ತರು ಮೊದಲ್ಗೊಂಡು ಭಾರ ಹೊರುವ ಕೂಲಿಗಳವರೆಗೆ ಎಲ್ಲ ಬಗೆಯವರೂ ಅವರಲ್ಲಿದ್ದರು. ಹಗುರವಾದ ಕೆಲಸದಿಂದ ಅತಿ ಕಠಿಣ ಕೆಲಸದವರೆಗೆ ಶ್ರಮ ಹೆಚ್ಚಿದಂತೆ ಆಹಾರವೂ ಹೆಚ್ಚಿತು. ತೂಕ ಮಾತ್ರ ಸರಿಸುಮಾರು ಒಂದೇ ಮಟ್ಟದಲ್ಲಿ ನಿಂತಿತು. ಆದರೆ ಕುಳಿತೇ ಇರುವವರಲ್ಲಿ ಈ ನಿಯಮ ಮುರಿದುಬಿದ್ದಿತು. ಶ್ರಮ ಕಡಿಮೆಯಿದ್ದರೂ ಅವರ ಆಹಾರ ಕಡಿಮೆಯಾಗಿರಲಿಲ್ಲ. ಅದು ಹೆಚ್ಚೇ ಇದ್ದಿತು. ಅವರ ತೂಕವೂ ಹೆಚ್ಚಿದ್ದಿತು.

ಈ ಅಧ್ಯಯನ ನಮಗೆ ಕಲಿಸುವುದಿಷ್ಟು: ದುಡಿಯುವವನ ಹಸಿವು ಪ್ರಾಮಾಣಿಕವಾದದ್ದು, ಅದನ್ನು ಗೌರವಿಸಬೇಕು. ಕುಳಿತವನ ಹಸಿವು ಲೆಕ್ಕ ತಪ್ಪುತ್ತದೆ, ಅದನ್ನು ಪರೀಕ್ಷಿಸಿ ನೋಡಬೇಕು. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಹಣದ ವಿಷಯದಲ್ಲಿ ಹೇಳುತ್ತೇವೆ. ಹಸಿವೆಯ ವಿಷಯದಲ್ಲಿಯೂ ಅದು ಸಲ್ಲುತ್ತದೆ.

ಹಾಗಾದರೆ ನಡೆಯುವುದೇಕೆ?

ನಡಿಗೆಯಿಂದ ಇಷ್ಟೇ ಲಾಭವಾದರೆ ಬೆಳಗಿನ ನಿದ್ದೆಯನ್ನೇಕೆ ಕೆಡಿಸಿಕೊಳ್ಳಬೇಕು ಎಂದು ದಯವಿಟ್ಟು ತೀರ್ಮಾನಿಸಬೇಡಿರಿ. ವ್ಯಾಯಾಮದ ಬೆಲೆಯನ್ನು ತಕ್ಕಡಿಯಲ್ಲಿ ತೂಗಲಾಗದು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿ ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ವ್ಯಾಯಾಮಗಳ ಕ್ರಮವನ್ನು ಅನುಸರಿಸಿದವರಲ್ಲಿ ಮಧುಮೇಹದ ಸಂಭವ ಶೇಕಡ 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಗಮನಾರ್ಹವಾದ ಇಳಿಕೆಯಾಗದಿದ್ದರೂ ಈ ಫಲ ದೊರೆಯಿತು. ತೂಕದ ಮುಳ್ಳು ಕದಲದಿದ್ದರೂ ದೇಹದೊಳಗೆ ಒಳ್ಳೆಯದು ನಡೆಯುತ್ತಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ವ್ಯಾಯಾಮದಿಂದ ರಕ್ತದೊತ್ತಡ ಹತೋಟಿಗೆ ಬರುತ್ತದೆ, ನಿದ್ದೆ ಸುಧಾರಿಸುತ್ತದೆ, ಮನಸ್ಸು ಹಗುರವಾಗುತ್ತದೆ. ಇಳಿದ ತೂಕ ಮರಳಿ ಏರದಂತೆ ತಡೆಯುವಲ್ಲಿಯೂ ಅದರ ನೆರವು ದೊಡ್ಡದು. ಆಹಾರವನ್ನು ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ವ್ಯಾಯಾಮವು ಮಾಂಸಖಂಡವನ್ನು ಕಾಪಾಡುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ವ್ಯಾಯಾಮವನ್ನೂ, ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿದೆ.

ತೂಕ ಇಳಿಸುವ ಕಾರ್ಯ ಮುಖ್ಯವಾಗಿ ತಟ್ಟೆಯಲ್ಲಿ ನಡೆಯಬೇಕು. ನಮ್ಮ ಗೃಹಿಣಿಗೆ ಬೇಕಾದ 350 ಕ್ಯಾಲೊರಿಯ ಕೊರತೆ ಎಲ್ಲಿಂದ ಬರಬೇಕು? ಒಗ್ಗರಣೆಗೂ ಪಲ್ಯಕ್ಕೂ ಸೇರಿಸುವ ಎಣ್ಣೆಯಲ್ಲಿ ಆಕೆಯ ಪಾಲಿಗೆ ಬರುವುದರಲ್ಲಿ ಎರಡು ಚಮಚ ಕಡಿಮೆಯಾದರೆ 90. ದಿನದ ಕಾಫಿ ಚಹಗಳಲ್ಲಿ ನಾಲ್ಕು ಚಮಚ ಸಕ್ಕರೆ ಬಿಟ್ಟರೆ 80. ಸಂಜೆಯ ಒಂದು ಹಿಡಿ ಖಾರದ ಕುರುಕಲನ್ನು ಬಿಟ್ಟರೆ ಸುಮಾರು 150. ಇಷ್ಟರಲ್ಲಿಯೇ 320 ಆಯಿತು. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನೂ, ಪಾತ್ರೆಯ ತಳದಲ್ಲಿ ಉಳಿದದ್ದನ್ನೂ ಹಾಳಾಗಬಾರದೆಂದು ತಾನೇ ಉಂಡು ಮುಗಿಸುವ ಅಭ್ಯಾಸವನ್ನು ಬಿಟ್ಟರೆ ಉಳಿದದ್ದೂ ಸರಿಹೋಗುತ್ತದೆ. ಬೇಳೆ, ಕಾಳು, ಮೊಸರು, ಸೊಪ್ಪು, ತರಕಾರಿಗಳನ್ನು ಮಾತ್ರ ಕಡಿಮೆ ಮಾಡಬಾರದು.

ಮತ್ತೆ ಉಣ್ಣಲೇಬೇಕಾದವರು

ಇದುವರೆಗೆ ಹೇಳಿದ್ದು ಅಧಿಕ ತೂಕವಿದ್ದು, ದಿನದ ಬಹುಭಾಗ ಕುಳಿತಿದ್ದು, ಅರ್ಧ ಅಥವಾ ಮುಕ್ಕಾಲು ಗಂಟೆ ನಡೆಯುವವರ ಮಾತು. ಈ ಮಾತನ್ನು ಮುಂದೆ ಹೇಳುವವರಿಗೆ ಅನ್ವಯಿಸಿದರೆ ಹಾನಿಯಾಗುತ್ತದೆ. ಆದುದರಿಂದ ಈ ಭಾಗವನ್ನು ವಿಶೇಷ ಗಮನವಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲನೆಯದಾಗಿ, ಮೈಮುರಿದು ದುಡಿಯುವವರು. ಕಬ್ಬು ಕಡಿಯುವವರು, ಇಟ್ಟಿಗೆ ಹೊರುವವರು, ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು, ದೂರದಿಂದ ನೀರು ಸೌದೆಗಳನ್ನು ಹೊತ್ತು ತರುವವರು. ಇವರ ದುಡಿಮೆಯೇ ವ್ಯಾಯಾಮ. ವೆಚ್ಚವಾದಷ್ಟನ್ನು ಇವರು ಉಣ್ಣದಿದ್ದರೆ ಮೊದಲು ತೂಕ ಕುಗ್ಗುತ್ತದೆ, ಬಳಿಕ ದುಡಿಯುವ ಬಲ ಕುಗ್ಗುತ್ತದೆ. ಗದ್ದೆಯಿಂದ ಬಂದು, ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕೊನೆಯಲ್ಲಿ ಉಣ್ಣುವ ತಾಯಿಯ ಪಾಲು ಎಷ್ಟಿದೆಯೆಂದು ಮನೆಯ ಯಜಮಾನರು ಒಮ್ಮೆ ಪಾತ್ರೆಯನ್ನು ಇಣುಕಿ ನೋಡಬೇಕು.

ಎರಡನೆಯದಾಗಿ, ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು. ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು 600, ಮುಂದಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚು ಬೇಕು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮೊದಲಿನ ಮೈಕಟ್ಟನ್ನು ಪಡೆಯಬೇಕೆಂದು ಉಪವಾಸ ಹಿಡಿಯುವ ಪ್ರವೃತ್ತಿ ಇಂದಿನ ಯುವತಿಯರಲ್ಲಿ ಕಾಣುತ್ತಿದೆ. ಮಗುವಿಗೆ ಹಾಲೇ ಆಹಾರವಾಗಿರುವ ಆರು ತಿಂಗಳಲ್ಲಿ ಅದನ್ನು ಮಾಡಬಾರದು. ಮತ್ತೊಂದು ಕಡೆ, ಬಾಣಂತಿಯೆಂದು ತುಪ್ಪ ಬೆಲ್ಲಗಳನ್ನು ಮಿತಿಮೀರಿ ಕೊಟ್ಟು, ಸೊಪ್ಪು ತರಕಾರಿಗಳನ್ನೂ ನೀರನ್ನೂ ತಡೆಯುವುದೂ ತಪ್ಪು. ವೈದ್ಯರ ಒಪ್ಪಿಗೆಯಿಂದ ಹಗುರವಾದ ನಡಿಗೆಯನ್ನು ಆರಂಭಿಸಬಹುದು. ನಡೆದು ಹಸಿವಾದರೆ ನಿಸ್ಸಂಕೋಚವಾಗಿ ಉಣ್ಣಬೇಕು.

ಮೂರನೆಯದಾಗಿ, ಬೆಳೆಯುವ ಮಕ್ಕಳು ಮತ್ತು ಕ್ರೀಡಾಪಟುಗಳು. ಐವತ್ತು ಕಿಲೊ ತೂಕದ ಹುಡುಗಿ ಎಂಟು ಕಿಲೊಮೀಟರು ಓಡಿದರೆ ಸುಮಾರು 400 ಕ್ಯಾಲೊರಿ ವೆಚ್ಚವಾಗುತ್ತದೆ. ಇದು ಎರಡು ವಡೆಯ ಮಾತಲ್ಲ, ಹೆಚ್ಚುಕಡಿಮೆ ಒಂದು ಹೊತ್ತಿನ ಊಟ. ಇದನ್ನು ತುಂಬಿಕೊಡದೆ ಹೋದರೆ ದೇಹವು ಮುಟ್ಟಿನ ಚಕ್ರವನ್ನೇ ನಿಲ್ಲಿಸಿ ಉಳಿತಾಯ ಮಾಡುತ್ತದೆ; ಮೂಳೆಗಳು ಟೊಳ್ಳಾಗುತ್ತವೆ; ಸಣ್ಣ ಪೆಟ್ಟಿಗೂ ಮುರಿಯುತ್ತವೆ. ಓಟ, ಕಬಡ್ಡಿ, ಖೊಖೊಗಳಲ್ಲಿ ತೊಡಗಿರುವ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ಅಭ್ಯಾಸದ ಫಲವೆಂದು ಅಲಕ್ಷಿಸದೆ ವೈದ್ಯರಿಗೆ ತೋರಿಸಬೇಕು. ನೆರೆಹೊರೆಯವರ ಹಾಸ್ಯಕ್ಕೆ ಅಂಜಿ ಊಟ ಬಿಡುವ ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ನಾಲ್ಕನೆಯದಾಗಿ, ಇನ್ಸುಲಿನ್ ಚುಚ್ಚುಮದ್ದನ್ನೋ, ಸಕ್ಕರೆಯ ಮಟ್ಟವನ್ನು ತೀರ ತಗ್ಗಿಸಬಲ್ಲ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವ ಮಧುಮೇಹಿಗಳು. ಇವರು ಬರಿಹೊಟ್ಟೆಯಲ್ಲಿ ಬಹಳ ಹೊತ್ತು ನಡೆಯಬಾರದು. ನಡೆಯುವಾಗ ಬೆವರು, ನಡುಕ, ಎದೆಬಡಿತ, ಕಣ್ಣು ಕತ್ತಲೆ, ತಬ್ಬಿಬ್ಬು ಕಂಡರೆ ಕೂಡಲೇ ನಿಂತು ಮೂರು ಚಹ ಚಮಚ ಸಕ್ಕರೆಯನ್ನು ಸೇವಿಸಬೇಕು. ಹದಿನೈದು ನಿಮಿಷಗಳಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಸೇವಿಸಿ ಆಸ್ಪತ್ರೆಗೆ ಹೋಗಬೇಕು. ಆ ಸಕ್ಕರೆ ಆ ಗಳಿಗೆಯಲ್ಲಿ ಔಷಧ. ಅದಕ್ಕೆ ಕ್ಯಾಲೊರಿಯ ಲೆಕ್ಕ ಹಿಡಿಯಬಾರದು.

ಇವರಲ್ಲದೆ, ಸೂಚ್ಯಂಕ 18.5ಕ್ಕಿಂತ ಕಡಿಮೆಯಿರುವವರೂ, ಕ್ಷಯದಂತಹ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರೂ ತೂಕ ಇಳಿಸುವ ಯೋಚನೆಯನ್ನೇ ಮಾಡಬಾರದು.

ನಡುವಣವರು ಏನು ಮಾಡಬೇಕು?

ತೂಕ ಇಳಿಸುತ್ತಿರುವವರಲ್ಲಿಯೇ ಕೆಲವರು ಗಂಟೆಗಟ್ಟಲೆ ಸೈಕಲ್ ತುಳಿಯುವವರು, ಬೆಟ್ಟ ಹತ್ತುವವರು, ಹತ್ತಾರು ಕಿಲೊಮೀಟರು ಓಡುವವರಿದ್ದಾರೆ. ಇವರ ವೆಚ್ಚ 500 ಕ್ಯಾಲೊರಿಯನ್ನೂ ಮೀರಬಹುದು. ಇವರು ಏನನ್ನೂ ಹೆಚ್ಚಿಗೆ ಉಣ್ಣದಿದ್ದರೆ ಕೊರತೆ ತೀವ್ರವಾಗಿ, ತಲೆಸುತ್ತು, ನಿದ್ರಾಹೀನತೆ, ಕೂದಲು ಉದುರುವಿಕೆಗಳು ತಲೆದೋರುತ್ತವೆ. ಕೊನೆಗೆ ಒಂದು ದಿನ ಸಂಯಮದ ಕಟ್ಟೆಯೊಡೆದು ಸಿಕ್ಕಿದ್ದನ್ನೆಲ್ಲ ತಿನ್ನುವಂತಾಗುತ್ತದೆ. ಇಂತಹವರು ಅಂದಾಜು ಮಾಡಿದ ವೆಚ್ಚದಲ್ಲಿ ಅರ್ಧದಷ್ಟನ್ನು ಮರಳಿ ಉಣ್ಣುವುದು ಸೂಕ್ತ. ಉಪಕರಣದ ತಪ್ಪನ್ನೂ ದೇಹದ ಮಿತವ್ಯಯವನ್ನೂ ಕಳೆದರೆ ಅರ್ಧವೆಂಬುದು ವಿವೇಕದ ಅಳತೆ.

ಮರಳಿ ಉಣ್ಣುವಾಗ ಏನನ್ನು ಉಣ್ಣಬೇಕೆಂಬುದೂ ಮುಖ್ಯ. ಬೇಯಿಸಿದ ಕಡಲೆಕಾಳು, ಮೊಳಕೆ ಬಂದ ಹೆಸರುಕಾಳು, ಮೊಟ್ಟೆ, ಮೊಸರು, ಬಾಳೆಹಣ್ಣು, ಒಂದು ಸಣ್ಣ ರಾಗಿ ಮುದ್ದೆಯೊಡನೆ ಸೊಪ್ಪಿನ ಸಾರು, ಇವು ಸಸಾರಜನಕವನ್ನೂ ಖನಿಜಗಳನ್ನೂ ಕೊಟ್ಟು ಮಾಂಸಖಂಡಗಳನ್ನು ಪೋಷಿಸುತ್ತವೆ. ಬಾಟಲಿಯಲ್ಲಿ ದೊರೆಯುವ ಸಿಹಿ ಪಾನೀಯಗಳು ಅರ್ಧ ಗಂಟೆಯ ನಡಿಗೆಗೆ ಬೇಕಿಲ್ಲ; ನೀರು, ತೆಳುವಾದ ಮಜ್ಜಿಗೆ ಸಾಕು.

ನೆನಪಿನಲ್ಲಿಡಬೇಕಾದ ಕೆಲವು ಅಂಶಗಳು

1. ನಡೆದು ಬಂದೊಡನೆ ಹಸಿವೆನಿಸಿದರೆ ಮೊದಲು ಒಂದು ಲೋಟ ನೀರು ಕುಡಿದು ಇಪ್ಪತ್ತು ನಿಮಿಷ ಕಾಯಿರಿ.

2. ವ್ಯಾಯಾಮದ ಹೊತ್ತನ್ನು ಊಟ ತಿಂಡಿಯ ಹೊತ್ತಿಗೆ ಹೊಂದಿಸಿಕೊಳ್ಳಿರಿ. ನಡೆದು ಬಂದು ನಿತ್ಯದ ಉಪಾಹಾರವನ್ನೇ ಸೇವಿಸಿದರೆ ಬೇರೆ ತಿಂಡಿಯ ಅಗತ್ಯವೇ ಬೀಳದು.

3. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಕ ನೋಡಿರಿ. ದಿನವೂ ನೋಡಿದರೆ ನೀರಿನ ಏರಿಳಿತವನ್ನೇ ಕೊಬ್ಬೆಂದು ಭ್ರಮಿಸುವಿರಿ. ತಿಂಗಳಿಗೊಮ್ಮೆ ಸೊಂಟವನ್ನೂ ಅಳೆಯಿರಿ.

4. ವಾರಕ್ಕೆ ಅರ್ಧ ಕಿಲೊಗಿಂತ ವೇಗವಾಗಿ ಇಳಿಸಲು ಆತುರಪಡಬೇಡಿರಿ. ಮೂರು ನಾಲ್ಕು ವಾರಗಳಲ್ಲಿ ತೂಕ ಇಳಿಯದಿದ್ದರೆ ತಟ್ಟೆಯಲ್ಲಿ ಏನೋ ಮರಳಿ ಬರುತ್ತಿದೆಯೆಂದು ತಿಳಿಯಿರಿ. ತೀರ ವೇಗವಾಗಿ ಇಳಿದು ಆಯಾಸವಾಗುತ್ತಿದ್ದರೆ ಮರಳಿ ಉಣ್ಣಬೇಕಾದುದು ಉಳಿದುಹೋಗಿದೆಯೆಂದು ತಿಳಿಯಿರಿ.

5. ರಕ್ತದ ಒತ್ತಡ, ಸಕ್ಕರೆ, ರಕ್ತಹೀನತೆಗಳ ಪರೀಕ್ಷೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಂಡೇ ತೂಕ ಇಳಿಸುವ ಕಾರ್ಯಕ್ಕೆ ತೊಡಗಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಸಲಹೆ ಪಡೆಯಿರಿ.

ಸೋದರ ಸೋದರಿಯರೇ, ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಊಟವನ್ನು ಬಲ್ಲುದೆಂದರೆ ತನಗೆಷ್ಟು ಬೇಕೆಂದು ಅರಿಯುವುದರ ಜೊತೆಗೆ, ತನ್ನ ಪಕ್ಕದಲ್ಲಿ ಕುಳಿತವರಿಗೆ ಎಷ್ಟು ಬೇಕೆಂದು ಅರಿಯುವುದೂ ಹೌದು. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಪಂಕ್ತಿಯನ್ನೊಮ್ಮೆ ನೋಡಿರಿ. ಕಚೇರಿಯಲ್ಲಿ ಕುಳಿತು ಬಂದು ಅರ್ಧ ಗಂಟೆ ನಡೆದ ಯಜಮಾನರ ತಟ್ಟೆಗೆ ನಡೆದರೆಂಬ ಕಾರಣಕ್ಕೆ ಒಂದು ಸೌಟು ಹೆಚ್ಚು ಬೀಳಬೇಕಾಗಿಲ್ಲ. ಮಗುವಿಗೆ ಹಾಲುಣಿಸುತ್ತಿರುವ ಸೊಸೆಯ ತಟ್ಟೆಗೆ, ಮೈದಾನದಲ್ಲಿ ಓಡಿ ಬಂದ ಮಗಳ ತಟ್ಟೆಗೆ, ಹೊಲದಿಂದ ಬಂದ ಆಳಿನ ತಟ್ಟೆಗೆ ಆ ಸೌಟು ಬೀಳಲಿ. ಇಷ್ಟನ್ನು ನೀವು ಅರಿತು ಆಚರಿಸಿದರೆ ಈ ಮಾತುಗಳು ಸಾರ್ಥಕವಾದವೆಂದು ಭಾವಿಸುತ್ತೇನೆ.